ಕೊಳದ ನೀರು ಆವಿಯಾಗಲಿಲ್ಲ, ಅಧ್ಯಕ್ಷರೇ

ಬಳಕೆಯಾದ ಇಂಧನ ಹಾಗೂ ವಿಕಿರಣ ತ್ಯಾಜ್ಯ ಸುರಕ್ಷತಾ ಮಂಡಳಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ನಿಮ್ಮ ಸುಪರ್ದಿನಲ್ಲಿರುವ ಕೊಳ ಸೋರುತ್ತಿದೆ. ಸೋರಿದ ನೀರು ಇಳಿಜಾರಿನ ಕೆಳಗಿರುವ ಸಿಬ್ಬಂದಿ ವಸತಿಯ ಕೊಳವೆಬಾವಿಗೆ ಸೇರುತ್ತಿದೆ. ಆ ಬಾವಿಯ ನೀರನ್ನು ಅರವತ್ತು ಮನೆಯವರು ಕುಡಿಯುತ್ತಿದ್ದಾರೆ. ಆ ಅರವತ್ತರಲ್ಲಿ ಒಂದು ನನ್ನ ಮಗಳ ಮನೆ. ಅವಳೀಗ ಐದು ತಿಂಗಳ ಬಸುರಿ. ಈ ನಾಲ್ಕು ಮಾತು ನಿಮಗೆ ಹೊಸದಲ್ಲ. ಇವನ್ನೇ ನಾನು ಮೂರು ಸಲ ಲಕೋಟೆಯೊಳಗಿಟ್ಟು, ಅಂಟು ಹಚ್ಚಿ, ನೋಂದಾಯಿತ ಅಂಚೆಯಲ್ಲಿ ನಿಮಗೆ ಕಳಿಸಿದ್ದೇನೆ. ಮೂರು ಸಲವೂ ನಿಮ್ಮ ಕಚೇರಿಯಿಂದ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಬಿದ್ದ ಚೀಟಿ ಬಂದಿದೆ. ಸ್ವೀಕರಿಸುವುದರಲ್ಲಿ ನಿಮ್ಮ ಕಚೇರಿಯನ್ನು ಮೀರಿಸುವವರು ಯಾರಿದ್ದಾರೆ? ನಾಳೆ ಯಾರಾದರೂ ನಿಮ್ಮ ಕಚೇರಿಗೇ ಬೆಂಕಿ ಬಿದ್ದಿದೆ ಎಂದು ಬರೆದರೂ ಮುದ್ರೆ ಒತ್ತಿ ಸ್ವೀಕರಿಸುತ್ತೀರಿ. ಅದಕ್ಕೇ ಈ ನಾಲ್ಕನೆಯದನ್ನು ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಾನು ವಿಜ್ಞಾನಿಯಲ್ಲ. ಮೂವತ್ತೊಂದು ವರ್ಷ ಆ ಕೊಳದ ದಂಡೆಯ ಮೇಲೆ ನಿಂತು, ಗೋಡೆಗೆ ಹಚ್ಚಿದ ಅಳತೆ ಪಟ್ಟಿ ನೋಡಿ, ನೀರು ಎಷ್ಟಿದೆ ಎಂದು ಪುಸ್ತಕದಲ್ಲಿ ಬರೆದವನು. ಹುದ್ದೆಯ ಹೆಸರು ‘ನೀರುಮಟ್ಟ ಸಹಾಯಕ’. ನೀರಿಗೆ ನಾನು ಏನು ಸಹಾಯ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ. ಆದರೆ ಆ ನೀರನ್ನು ನಾನು ನೋಡಿದಷ್ಟು ನೀವು ನೋಡಿಲ್ಲ. ನೀವು ವರ್ಷಕ್ಕೊಮ್ಮೆ ಗಾಜಿನ ಗ್ಯಾಲರಿಗೆ ಬಂದು, ‘ಅಬ್ಬಾ, ಎಂಥ ನೀಲಿ!’ ಎಂದು ಅತಿಥಿಗಳಿಗೆ ತೋರಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದಿರಿ. ನೀಲಿಯೇನೋ ಹೌದು. ವಿಷಕ್ಕೂ ಒಂದು ಅಂದ ಇರುತ್ತದೆ.

ಈ ಪತ್ರವನ್ನು ಬೇರೆಯವರೂ ಓದುತ್ತಾರಾದ್ದರಿಂದ ಒಂದು ವಿಷಯ ಬಿಡಿಸಿ ಹೇಳಬೇಕು. ಅಣುವಿದ್ಯುತ್ ಸ್ಥಾವರದಲ್ಲಿ ಉರಿದು ಮುಗಿಯಿತೆಂದು ಹೊರತೆಗೆದ ಇಂಧನ ನಿಜಕ್ಕೂ ಮುಗಿದಿರುವುದಿಲ್ಲ. ಒಲೆಯಿಂದ ಹೊರಗೆಳೆದ ಕೊಳ್ಳಿಯ ಹಾಗೆ ಒಳಗೊಳಗೇ ಕಾಯುತ್ತಿರುತ್ತದೆ. ಕೊಳ್ಳಿಯಾದರೆ ಒಂದು ಚೊಂಬು ನೀರಿಗೆ ಆರುತ್ತದೆ. ಇದು ವರ್ಷಗಟ್ಟಲೆ ಆಳದ ನೀರಿನಲ್ಲಿ ಮುಳುಗಿರಬೇಕು. ನೀರು ಅದರ ಬಿಸಿಯನ್ನು ಹೀರುತ್ತದೆ, ಅದರ ವಿಕಿರಣವನ್ನು ತಡೆಯುತ್ತದೆ, ಹಾಗೆ ಮಾಡುತ್ತ ತಾನೂ ಅಷ್ಟಿಷ್ಟು ಕೆಡುತ್ತದೆ. ಆದ್ದರಿಂದ ಆ ನೀರು ಕೊಳದಲ್ಲೇ ಇರಬೇಕು. ಇಷ್ಟೇ ಶಾಸ್ತ್ರ. ನಮ್ಮ ಕೊಳವನ್ನು ಐದು ವರ್ಷದ ಮಟ್ಟಿಗೆಂದು ಕಟ್ಟಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಬಾಗಿಲ ಮೇಲೆ ‘ತಾತ್ಕಾಲಿಕ ಸಂಗ್ರಹ’ ಎಂಬ ಫಲಕವಿತ್ತು. ನಿವೃತ್ತನಾದ ದಿನವೂ ಇತ್ತು. ನಡುವೆ ಎರಡು ಸಲ ಅದಕ್ಕೆ ಹೊಸ ಬಣ್ಣ ಬಳಿಸಿದಿರಿ. ಇಂಧನವನ್ನು ಕಾಯಂ ಜಾಗಕ್ಕೆ ಸಾಗಿಸುವ ಬದಲು ಅದನ್ನಿಡುವ ಚೌಕಟ್ಟುಗಳನ್ನು ಒತ್ತೊತ್ತಾಗಿ ಜೋಡಿಸಿ, ಬಸ್ಸಿನಲ್ಲಿ ‘ಸ್ವಲ್ಪ ಒಳಗೆ ಹೋಗ್ರಿ’ ಅನ್ನುವ ಕಂಡಕ್ಟರಿನ ಹಾಗೆ ಇನ್ನಷ್ಟು ತುಂಬಿಸಿದಿರಿ. ಮೊನ್ನೆ ನಿಮ್ಮ ಮಂಡಳಿ ಹೊಳೆಯುವ ಕಾಗದದಲ್ಲಿ ಒಂದು ಪುಸ್ತಿಕೆ ತಂದಿದೆ: ತ್ಯಾಜ್ಯವನ್ನು ಬಂಡೆಯೊಳಗೆ ಹತ್ತು ಸಾವಿರ ವರ್ಷ ಕಾಪಾಡುವ ಯೋಜನೆ. ಓದಿ ಸಂತೋಷವಾಯಿತು. ಹತ್ತು ಸಾವಿರ ವರ್ಷದ ಮಾತು ಆಮೇಲೆ ನೋಡೋಣ ಸ್ವಾಮಿ. ಹದಿನಾಲ್ಕು ತಿಂಗಳ ಒಂದು ಪುಸ್ತಕವನ್ನು ನೆಟ್ಟಗೆ ಬರೆಸಲು ನಿಮ್ಮಿಂದ ಆಯಿತೇ?

ಆ ಪುಸ್ತಕದಲ್ಲಿ ಮೂರು ಕಾಲಂ. ನೀರಿನ ಮಟ್ಟ, ಸೇರಿಸಿದ ನೀರು, ಕಾರಣ. ಬಿಸಿ ನೀರು ತುಸು ಆವಿಯಾಗುವುದು ಸಹಜ. ಹತ್ತು ದಿನಕ್ಕೊಮ್ಮೆ ಐದು ಬೆರಳಿನಷ್ಟು ಇಳಿಯುತ್ತಿತ್ತು, ಶುದ್ಧ ನೀರು ಸೇರಿಸಿ ಮತ್ತೆ ಗೆರೆಗೆ ತರುತ್ತಿದ್ದೆವು, ಕಾರಣದ ಕಾಲಂನಲ್ಲಿ ‘ಆವಿ’ ಎಂದು ಬರೆಯುತ್ತಿದ್ದೆವು. ಸುಮಾರು ಮೂವತ್ತು ವರ್ಷ ಅದು ನಿಜವೇ ಆಗಿತ್ತು. ಆಮೇಲೆ ಹತ್ತು ದಿನ ಎಂಟಾಯಿತು, ಆರಾಯಿತು, ನಾಲ್ಕಕ್ಕೆ ಬಂದು ನಿಂತಿತು. ನಾನು ಸುರಕ್ಷತಾ ವ್ಯವಸ್ಥಾಪಕರ ಕೊಠಡಿಗೆ ಹೋದೆ. ಅವರು ನನ್ನ ಮಗಳ ವಯಸ್ಸಿನವರು, ನಗುಮುಖದವರು, ಮೇಜಿನ ಮೇಲೆ ‘ಸುರಕ್ಷತೆಯೇ ಉಸಿರು’ ಎಂಬ ಹಲಗೆ ಇಟ್ಟುಕೊಂಡವರು.

“ಸರ್, ಹತ್ತು ದಿನಕ್ಕೊಂದ್ಸಲ ನೀರು ಸೇರಿಸ್ತಿದ್ವಿ. ಈಗ ನಾಲ್ಕೇ ದಿನಕ್ಕೆ ಬೇಕಾಗ್ತಿದೆ.”

“ಬೇಸಿಗೆ ಅಲ್ವೇನ್ರೀ? ಆವಿ ಜಾಸ್ತಿ. ಹಾಗೇ ಬರೀರಿ.”

ಮಳೆಗಾಲ ಬಂತು. “ಮಳೆ ಹಿಡಿದು ತಿಂಗಳಾಯ್ತು ಸರ್, ಇನ್ನೂ ನಾಲ್ಕೇ ದಿನ.”

“ಹೊಸ ಫ್ಯಾನು ಹಾಕಿದೀವಲ್ಲ, ಗಾಳಿಗೆ ಎಳ್ಕೊಳ್ಳತ್ತೆ. ಆವಿ ಅಂತಲೇ ಬರೀರಿ.”

ಚಳಿಗಾಲ ಬಂತು. ನಾನು ಉಣ್ಣೆಯ ಟೋಪಿ ಹಾಕಿಕೊಂಡು ಅವರ ಮುಂದೆ ನಿಂತೆ. “ಸರ್, ಈಗೇನು ಬರೀಲಿ?”

“ಒಣ ಗಾಳಿ ರೀ. ನಿಮ್ಮ ತುಟಿ ಒಡೆದಿಲ್ವಾ? ನೀರೂ ಹಾಗೇ ಹೋಗತ್ತೆ. ಎಷ್ಟು ಸಲ ಹೇಳ್ಬೇಕು?”

ನನ್ನ ತುಟಿ ಒಡೆದದ್ದು ನಿಜ. ಕೊಳದ ತಳವೂ ಒಡೆದಿತ್ತು, ಅದಕ್ಕೆ ಹಚ್ಚಲು ಯಾರ ಹತ್ತಿರವೂ ಮುಲಾಮು ಇರಲಿಲ್ಲ. ಸೋರಿದರೆ ಗೊತ್ತಾಗಲೆಂದೇ ಕೊಳದ ಕೆಳಗಿನ ಕೊಠಡಿಯಲ್ಲಿ ಒಂದು ಕೊಳವೆ ಬಿಟ್ಟಿದ್ದಾರೆ; ಅದರ ಬಾಯಲ್ಲಿ ಹನಿ ಕಂಡರೆ ಸೋರಿಕೆ ಎಂದು ಅರ್ಥ. ‘ಕೊಳವೆ ಒಣಗಿದೆ, ಆದ್ದರಿಂದ ಸೋರಿಕೆಯಿಲ್ಲ’ ಎಂದು ನಿಮ್ಮ ತಪಾಸಣಾಧಿಕಾರಿಗಳು ಮೂರು ವರದಿ ಬರೆದರು. ನಾನು ಬಗ್ಗಿ ಟಾರ್ಚು ಬಿಟ್ಟು ನೋಡಿದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಉಪ್ಪು ಕಟ್ಟಿಕೊಂಡು ಕೊಳವೆ ಪೂರ್ತಿ ಮುಚ್ಚಿಹೋಗಿತ್ತು. ಬಾಯಿಗೆ ಬಟ್ಟೆ ತುರುಕಿದವನನ್ನು ಕೂರಿಸಿ, ‘ಇವನಿಗೆ ಏನೂ ದೂರಿಲ್ಲ’ ಎಂದು ಬರೆದುಕೊಂಡ ಹಾಗಾಯಿತು.

ಇಷ್ಟೆಲ್ಲ ಗೊತ್ತಿದ್ದೂ ನೀನೇನು ಮಾಡಿದೆ ಎಂದು ನೀವು ಕೇಳಬೇಕು. ಕೇಳಿ. ನಾನು ‘ಆವಿ’ ಎಂದು ಬರೆದೆ. ಹದಿನಾಲ್ಕು ತಿಂಗಳು ಬರೆದೆ. ದುಂಡಗೆ, ಸ್ಫುಟವಾಗಿ, ಒಂದು ದಿನವೂ ಚಿತ್ತಿಲ್ಲದೆ ಬರೆದೆ. ನಿವೃತ್ತಿ ಹತ್ತಿರ ಬಂದಿತ್ತು. ತಾಯಿಯಿಲ್ಲದ ಒಬ್ಬಳೇ ಮಗಳು, ಗುತ್ತಿಗೆಯಲ್ಲಿ ಪೈಪು ಜೋಡಿಸಿಕೊಂಡು ಅಲೆಯುತ್ತಿದ್ದ ಅಳಿಯ, ನಾವು ಮೂವರೂ ಇದ್ದದ್ದು ನನ್ನ ಹೆಸರಿನ ವಸತಿ ಮನೆಯಲ್ಲಿ. ನನ್ನ ನಂತರ ಅವನಿಗೆ ನನ್ನ ಹುದ್ದೆ ಕೊಡಿ ಎಂದು ವ್ಯವಸ್ಥಾಪಕರ ಮುಂದೆ ಹಲ್ಲು ಗಿಂಜಿದ್ದೆ. ಕೊಡುವವರ ಕೈ ಮೇಲಿರುತ್ತದೆ, ಬೇಡುವವರ ಬಾಯಿ ಮುಚ್ಚಿರುತ್ತದೆ. ಆ ಹದಿನಾಲ್ಕು ತಿಂಗಳ ನಡುವೆ ಮಗಳಿಗೆ ನಾಲ್ಕನೇ ತಿಂಗಳಲ್ಲಿ ಗರ್ಭ ಹೋಯಿತು. ನೀರಿನಿಂದ ಹೋಯಿತು ಎಂದು ನಾನು ಹೇಳುತ್ತಿಲ್ಲ; ಡಾಕ್ಟರೂ ಹೇಳಲಿಲ್ಲ, ‘ಹೀಗಾಗುವುದುಂಟು’ ಎಂದರು. ಆಸ್ಪತ್ರೆಯಿಂದ ಅವಳನ್ನು ಕರೆತಂದ ದಿನ ಅವಳಿಗೆ ಕುಡಿಯಲು ಬಿಸಿನೀರು ಕಾಯಿಸಿ ಕೊಟ್ಟವನು ನಾನು. ಅದೇ ನಲ್ಲಿಯಿಂದ ಹಿಡಿದ ನೀರು. ಮಧ್ಯಾಹ್ನದ ಪಾಳಿಗೆ ಹೋಗಿ ಪುಸ್ತಕ ತೆರೆದು ‘ಆವಿ’ ಎಂದು ಬರೆದೆ. ಆದ್ದರಿಂದ ಈ ಪತ್ರದಲ್ಲಿ ನಿಮಗೆ ಎಷ್ಟು ಬೈದರೂ ಮೊದಲ ಪಾಲು ನನ್ನದೇ ಇರಲಿ.

ನನ್ನ ಕಣ್ಣು ತೆರೆಸಿದ್ದು ನಿಮ್ಮ ಮಂಡಳಿಯ ಒಂಬತ್ತು ಡಾಕ್ಟರೇಟುಗಳಲ್ಲ. ಕೊಳದ ಸುತ್ತ ನೆಲ ಒರೆಸುವ ಹೆಂಗಸು. ಅವಳನ್ನು ನಾವೆಲ್ಲ ನೆಲದಕ್ಕ ಎಂದು ಕರೆಯುತ್ತಿದ್ದೆವು. ಒಂದು ಬೆಳಿಗ್ಗೆ ನಾನು ಬರೆಯುತ್ತಿದ್ದಾಗ ಕೋಲಿಗೆ ಗಲ್ಲ ಊರಿ ನಿಂತು ಕೇಳಿದಳು:

“ಏನಣ್ಣಾ ಅದು, ದಿನಾ ಅದೇ ಬರೀತೀರಿ?”

“ಆವಿ ಅಂತ ಅಕ್ಕಾ. ನೀರು ಆವಿಯಾಗಿ ಹೋಗತ್ತೆ.”

“ಹಾಗಾದ್ರೆ ನನ್ನ ಬಕೆಟ್ ನೀರೂ ಹೋಗ್ಬೇಕಲ್ಲ? ಶುಕ್ರವಾರ ಮರೆತು ಬಿಟ್ಟುಹೋದ ಬಕೆಟ್ಟು ಸೋಮವಾರ ಬಂದು ನೋಡಿದ್ರೆ ಹೆಚ್ಚೂ ಕಮ್ಮಿ ಹಾಗೇ ಇರತ್ತೆ. ನಿಮ್ಮ ಕೊಳದ ನೀರಿಗೆ ಮಾತ್ರ ಕಾಲಿದೆ, ನನ್ನ ಬಕೆಟ್ ನೀರಿಗೆ ಇಲ್ವಾ?”

ನಾನು ಪುಸ್ತಕ ಮುಚ್ಚಿದೆ. ನಮ್ಮ ಕೊಳದ ಅಂಚಿಗೆ ಬಿಡಿ ವಸ್ತು ಯಾವುದನ್ನೂ ತರುವಂತಿಲ್ಲ. ನಮ್ಮ ಉಡುಪಿನ ಜೇಬುಗಳನ್ನು ಹೊಲಿದುಬಿಟ್ಟಿರುತ್ತಾರೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತೇವೆ, ಪೆನ್ಸಿಲನ್ನೂ ಪುಸ್ತಕಕ್ಕೆ ಕಟ್ಟಿರುತ್ತಾರೆ. ಯಾವುದೂ ನೀರಿಗೆ ಬೀಳಬಾರದು. ನಾನು ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ನಿಯಮ ಮುರಿದೆ. ನೆಲದಕ್ಕನ ಇನ್ನೊಂದು ಸ್ಟೀಲಿನ ಬಕೆಟ್ಟು ತೊಳೆದು, ಕೊಳದ ನೀರನ್ನೇ ತುಂಬಿ, ಸರಪಳಿ ಹಾಕಿ ಕಟಕಟೆಯಿಂದ ಕೊಳದೊಳಗೇ ಕುತ್ತಿಗೆಮಟ್ಟ ಇಳಿಬಿಟ್ಟೆ. ಒಳಗೂ ಅದೇ ನೀರು, ಹೊರಗೂ ಅದೇ ನೀರು. ಅದೇ ಬಿಸಿ, ಅದೇ ಫ್ಯಾನು, ವ್ಯವಸ್ಥಾಪಕರ ಅದೇ ಒಣ ಗಾಳಿ. ನೀರು ಆವಿಯಾಗಿಯೇ ಹೋಗುತ್ತಿದ್ದರೆ ಎರಡರಲ್ಲೂ ಸಮಸಮ ಇಳಿಯಬೇಕು. ನಾಲ್ಕು ದಿನದ ನಂತರ ಅಳೆದೆವು. ಬಕೆಟ್ಟಿನಲ್ಲಿ ಎರಡು ಬೆರಳು ಇಳಿದಿತ್ತು. ಕೊಳದಲ್ಲಿ ಐದು.

ನೆಲದಕ್ಕ ಬೆರಳು ಮಡಿಸಿ ಎಣಿಸಿ, “ಹಾಗಾದ್ರೆ ಮೂರು ಬೆರಳು ಎಲ್ಲಿಗೆ ಹೋಯ್ತಣ್ಣಾ?” ಎಂದಳು.

ಮೂರು ಬೆರಳು ಎಂದರೆ ನಿಮಗೆ ನಗು ಬರಬಹುದು. ಆ ಕೊಳದ ಉದ್ದಗಲಕ್ಕೆ ಮೂರು ಬೆರಳು ಎಂದರೆ ಒಂದು ಟ್ಯಾಂಕರ್ ಲಾರಿ ನೀರು. ನಾಲ್ಕು ದಿನಕ್ಕೊಂದು ಲಾರಿ, ಯಾವ ಗೇಟಿನಲ್ಲೂ ಚೀಟಿ ತೋರಿಸದೆ, ಯಾವ ಕಾವಲುಗಾರನಿಗೂ ಕಾಣದೆ, ಇಳಿಜಾರಿನ ಕಡೆಗೆ ಹೊರಟುಹೋಗುತ್ತಿತ್ತು. ಇಳಿಜಾರಿನ ಬುಡದಲ್ಲಿ ಏನಿದೆ? ನಮ್ಮ ಪಂಪ್ ಮನೆ ಇದೆ. ಇದನ್ನು ಹೇಳಲು ನಾನು ಓಡಿದೆ. ಓಡಿದವನನ್ನು ವ್ಯವಸ್ಥಾಪಕರು ಕೂರಿಸಿದರು, ಕಾಫಿ ತರಿಸಿದರು, ಎಲ್ಲವನ್ನೂ ಕೇಳಿದರು. ಕೇಳಿ, ಒಂದೇ ಪ್ರಶ್ನೆ ಕೇಳಿದರು:

“ಬಕೆಟ್ ಒಳಗೆ ಬಿಟ್ಟಿದ್ದು ಯಾರ ಅನುಮತಿ ತಗೊಂಡು?”

ಇನ್ನು ಮುಂದಿನದು ನಿಮ್ಮ ಸಂಸ್ಥೆಯ ಇತಿಹಾಸದಲ್ಲೇ ಅತಿ ಚುರುಕಿನ ಕಾರ್ಯಾಚರಣೆ, ಅದನ್ನು ಮೆಚ್ಚಲೇಬೇಕು. ಒಂದು ಗಂಟೆಯೊಳಗೆ ಬಿಳಿ ಉಡುಪಿನ ನಾಲ್ವರು ಬಂದರು. ಬಕೆಟ್ಟನ್ನು ಉದ್ದ ಕೊಕ್ಕೆಯಿಂದ ಎತ್ತಿದರು. ಅದರಲ್ಲಿದ್ದ ನೀರು ವಿಕಿರಣ ಸೋಂಕಿದ್ದು, ಮುಟ್ಟಬಾರದು ಎಂದು ನಮ್ಮನ್ನು ಹತ್ತು ಹೆಜ್ಜೆ ಹಿಂದಕ್ಕೆ ಸರಿಸಿದರು. ಅದನ್ನು ಹಳದಿ ಪೀಪಾಯಿಯೊಳಗಿಟ್ಟು, ಸಿಮೆಂಟು ಸುರಿದು, ಮುಚ್ಚಳ ಬಿಗಿದು, ಸಂಖ್ಯೆ ಬರೆದು, ಬೀಗ ಹಾಕಿದ ಉಗ್ರಾಣಕ್ಕೆ ಒಯ್ದರು. ಮುನ್ನೂರು ವರ್ಷ ಅದಕ್ಕೆ ಕಾವಲಂತೆ. ಮಾನ್ಯರೇ, ಒಂದು ಬಕೆಟ್ ನೀರಿಗೆ ಮುನ್ನೂರು ವರ್ಷದ ಕಾವಲು! ಅದೇ ಕೊಳದ ಅದೇ ನೀರು ಬಿರುಕಿನಿಂದ ಇಳಿದು ನನ್ನ ಮಗಳ ಲೋಟಕ್ಕೆ ಬಂದರೆ ಅದಕ್ಕೆ ಪೀಪಾಯಿಯಿಲ್ಲ, ಸಿಮೆಂಟಿಲ್ಲ, ಸಂಖ್ಯೆಯಿಲ್ಲ. ಅದಕ್ಕೆ ‘ಆವಿ’ ಎಂದು ಒಂದು ಹೆಸರು ಕೊಟ್ಟು ಕೈತೊಳೆದುಕೊಂಡಿರಿ. ಆ ಬಕೆಟ್ಟಿನ ಪುಣ್ಯ ನನ್ನ ಮಗಳಿಗೆ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರೆ. ಕೊಳ ಸೋರಿದ್ದಕ್ಕೆ ನೆಲದಕ್ಕನನ್ನು ಕೆಲಸದಿಂದ ತೆಗೆದಿರಿ. ಆಜ್ಞಾಪತ್ರದಲ್ಲಿ ‘ಅನಧಿಕೃತ ಪ್ರಯೋಗಕ್ಕೆ ಉಪಕರಣ ಸರಬರಾಜು ಮಾಡಿದ ಆರೋಪ’ ಎಂದಿದೆ. ಹತ್ತೊಂಬತ್ತು ವರ್ಷ ನಿಮ್ಮ ನೆಲ ಒರೆಸಿದವಳಿಗೆ ಆ ಭಾಷೆ ಅರ್ಥವಾಗಲಿಲ್ಲ, ನನ್ನಿಂದ ಓದಿಸಿಕೊಂಡಳು. ಓದಿ ಮುಗಿಸಿದಾಗ, “ಉಪಕರಣ ಅಂದ್ರೆ ನನ್ನ ಬಕೆಟ್ಟಾ? ಅಯ್ಯೋ, ಅದು ತೂತಿರಲಿಲ್ವಲ್ಲ ಅಣ್ಣಾ!” ಎಂದು ನಕ್ಕಳು. ಅತ್ತಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನನ್ನನ್ನು ಮಾತ್ರ ಗೌರವದಿಂದ ಕಳಿಸಿದಿರಿ: ನಿವೃತ್ತಿಗೆ ಮೂರು ವಾರವಿತ್ತು, ರಜೆಯ ಮೇಲೆ ಹೋಗಿ ಎಂದಿರಿ, ಒಂದು ಗೋಡೆ ಗಡಿಯಾರ ಕೊಟ್ಟಿರಿ. ಅಳಿಯನಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡಿರಿ. ಅವನನ್ನು ನನ್ನ ಜಾಗದಲ್ಲಿ ನಿಲ್ಲಿಸಿದ್ದು ಕರುಣೆಯಿಂದ ಎಂದು ನಾನು ಆಗ ನಂಬಿದ್ದೆ. ಈಗ ಗೊತ್ತಾಗಿದೆ, ಅದಕ್ಕಿಂತ ಗಟ್ಟಿಯಾದ ಬೀಗ ನನ್ನ ಬಾಯಿಗೆ ನಿಮಗೆ ಸಿಗುತ್ತಿರಲಿಲ್ಲ.

ಆಮೇಲೆ ವಿಚಾರಣಾ ಸಮಿತಿ ಬಂತು. ವಸತಿಯ ಸಭಾಂಗಣದಲ್ಲಿ ಐದು ಜನ ಕೂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಮೂರು ದಿನ ಮಾತಾಡಿದರು. ನಮ್ಮ ನಲ್ಲಿಯ ನೀರು ಮೇಜಿನ ಮೇಲೆ ಜಗ್ಗಿನಲ್ಲಿತ್ತು, ಐವರೂ ತಮ್ಮ ತಮ್ಮ ಚೀಲದಿಂದ ಬಾಟಲಿ ತೆಗೆದು ಕುಡಿದರು. ಕೊನೆಗೆ ಸುತ್ತಲಿನ ಹನ್ನೊಂದು ಬಾವಿಗಳ ನೀರು ಪರೀಕ್ಷೆಯಾಯಿತು. ಫಲಿತಾಂಶವನ್ನು ಸೂಚನಾ ಫಲಕಕ್ಕೆ ಅಂಟಿಸಿದಿರಿ: ‘ವಿಕಿರಣದ ಪ್ರಮಾಣ, ಹನ್ನೊಂದು ಬಾವಿಗಳ ಸರಾಸರಿ ಐದು. ಮಿತಿ ಹತ್ತು. ನೀರು ಸುರಕ್ಷಿತ.’ ಸರಾಸರಿ! ಹತ್ತು ಜನಕ್ಕೆ ಅನ್ನ ಬಡಿಸಿ ಒಬ್ಬನಿಗೆ ವಿಷ ಬಡಿಸಿದರೆ, ಸರಾಸರಿಯಲ್ಲಿ ಹನ್ನೊಂದು ಜನಕ್ಕೂ ಚೂರು ಹೊಟ್ಟೆನೋವು ಅಷ್ಟೇ ಅಲ್ಲವೇ? ಹನ್ನೊಂದರಲ್ಲಿ ಹತ್ತು ಬಾವಿ ಕೊಳಕ್ಕಿಂತ ಮೇಲಿನ ದಿನ್ನೆಯಲ್ಲಿವೆ. ನೀರು ಮೇಲಕ್ಕೆ ಹತ್ತುವುದಿಲ್ಲ ಎಂಬುದು ಎಮ್ಮೆ ಕಾಯುವವನಿಗೂ ಗೊತ್ತು. ವಸತಿಯ ಬಾವಿಯೊಂದರ ಅಂಕಿ ಕೊಡಿ ಎಂದು ನಾನು ಅರ್ಜಿ ಹಾಕಿದೆ. ‘ಭದ್ರತೆಯ ಕಾರಣದಿಂದ ನೀಡಲಾಗದು’ ಎಂದಿರಿ. ಆದರೆ ನಿಮ್ಮ ಕಚೇರಿಯ ಯಾರೋ ಪುಣ್ಯಾತ್ಮರು ಆ ಉತ್ತರದ ಜೊತೆ ಕಳಿಸಿದ ಸಮಿತಿಯ ವರದಿಯ ಕೊನೆಯ ಪುಟದಲ್ಲಿ, ನೀರು ಎಷ್ಟು ಚೊಕ್ಕವಾಗಿದೆ ಎಂದು ತೋರಿಸುವ ಉಮೇದಿನಲ್ಲಿ, ಉಳಿದ ಹತ್ತು ಬಾವಿಗಳ ಅಂಕಿ ಹಾಕಿಬಿಟ್ಟಿದ್ದರು. ಒಂದೊಂದೂ ಎರಡು.

ನಾನು ಏಳನೇ ಕ್ಲಾಸಿನ ಲೆಕ್ಕ ಮಾಡಿದೆ, ನಿಮ್ಮದೇ ಲಕೋಟೆಯ ಹಿಂಬದಿಯಲ್ಲಿ. ಸರಾಸರಿ ಐದು, ಬಾವಿ ಹನ್ನೊಂದು; ಒಟ್ಟು ಐವತ್ತೈದು. ಹತ್ತು ಬಾವಿಯದು ಇಪ್ಪತ್ತು. ಕಳೆದರೆ ಉಳಿದದ್ದು ಮೂವತ್ತೈದು. ಮಿತಿ ಹತ್ತು. ಇದನ್ನು ಬಚ್ಚಿಡಲು ಭದ್ರತೆ ಬೇಕಿತ್ತು ನಿಮಗೆ. ಮಗ್ಗಿ ಬರುವ ಯಾವ ಮಗುವಾದರೂ ನಿಮ್ಮ ಭದ್ರತೆಯನ್ನು ಭೇದಿಸಬಲ್ಲದು. ನೀವು ಕಳ್ಳತನವನ್ನಾದರೂ ಅಚ್ಚುಕಟ್ಟಾಗಿ ಮಾಡುತ್ತೀರಿ ಎಂಬ ನಂಬಿಕೆ ಇತ್ತು, ಅದೂ ಹೋಯಿತು.

ಆ ಹೊತ್ತಿಗೆ ನಾನು ವಸತಿ ಬಿಟ್ಟು ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮನೆ ಈಗ ಅಳಿಯನ ಹೆಸರಿನಲ್ಲಿತ್ತು, ಅವನ ಪುಸ್ತಕದ ವಿಚಾರ ಎತ್ತಿದರೆ ಊಟಕ್ಕೆ ಕೂತ ಜಾಗದಲ್ಲೇ ಜಗಳವಾಗುತ್ತಿತ್ತು. ಮಗಳಿಗೆ ಮತ್ತೆ ಬಸಿರು ನಿಂತಿದೆ ಎಂದು ಗೊತ್ತಾದ ಮೇಲೆ ನಾನು ವಾರಕ್ಕೆರಡು ಸಲ ಪೇಟೆಯ ನೀರನ್ನು ಕ್ಯಾನುಗಳಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಒಯ್ಯತೊಡಗಿದೆ. ಮೊದಲು ಮಗಳು ಸೆರಗು ಮುಚ್ಚಿ ಒಳಗೆ ತೆಗೆದುಕೊಳ್ಳುತ್ತಿದ್ದಳು. “ಬೇಗ ಬನ್ನಿ ಅಪ್ಪಾ, ಪಕ್ಕದವರು ನೋಡ್ತಾರೆ.” ನೋಡಿದರು. ನೋಡಿದ್ದು ಮೇಲಕ್ಕೆ ಮುಟ್ಟಿತು. ವ್ಯವಸ್ಥಾಪಕರು ಅಳಿಯನನ್ನು ಕರೆಸಿ, ನಗುತ್ತಲೇ ಹೇಳಿದರಂತೆ: “ನಮ್ಮ ನೀರು ಸರಿಯಿದೆ ಅಂತ ಪುಸ್ತಕದಲ್ಲಿ ನೀನು ಬರೀತೀಯ, ನಿನ್ನ ಹೆಂಡತಿ ಹೊರಗಿನ ನೀರು ಕುಡೀತಾಳೆ. ಯಾವುದು ಸುಳ್ಳು ಅಂತ ತೀರ್ಮಾನ ಮಾಡ್ಕೊಂಡು ಸೋಮವಾರ ಬಾ.”

ಅದರ ಮರುದಿನವೇ ನಾನು ಹೋದೆ. ಕೈಯಲ್ಲಿ ಎರಡು ಕ್ಯಾನು, ಜೇಬಿನಲ್ಲಿ ಆ ಲೆಕ್ಕದ ಲಕೋಟೆ. ಅಳಿಯ ಬಾಗಿಲಲ್ಲೇ ನಿಂತಿದ್ದ. ಒಳ್ಳೆಯ ಹುಡುಗ ಸ್ವಾಮಿ, ನನ್ನೆದುರು ಒಂದು ದಿನವೂ ದನಿ ಎತ್ತಿದವನಲ್ಲ.

“ಮಾವ, ಕ್ಯಾನು ವಾಪಸ್ ತಗೊಂಡು ಹೋಗಿ.”

“ಮೂವತ್ತೈದು ಕಣೋ! ಲೆಕ್ಕ ನೋಡು. ನಿನ್ನ ಮಗು ಅದು!”

“ನನ್ನ ಮಗು ಅಂತ ನಂಗೆ ಗೊತ್ತಿಲ್ವಾ? ಕೆಲಸ ಹೋದ್ರೆ ಮನೆ ಹೋಗತ್ತೆ. ಈ ಸ್ಥಿತೀಲಿ ಇವಳನ್ನ ಎಲ್ಲಿ ಇಡ್ಲಿ, ನಿಮ್ಮ ಒಂದು ಕೋಣೇಲಾ? ಆಸ್ಪತ್ರೆ ಇರೋದೂ ಇವರದ್ದೇ.” ಬಾಗಿಲಿಗೆ ಕೈ ಅಡ್ಡ ಇಟ್ಟ. “ನೀವು ಹದಿನಾಲ್ಕು ತಿಂಗಳು ಬರೆದ್ರಿ. ನಾನು ಒಂಬತ್ತು ತಿಂಗಳಿಂದ ಬರೀತಿದೀನಿ. ನೀವು ಬರೆದ್ರೆ ಸಂಸಾರ ಸಾಕೋದು, ನಾನು ಬರೆದ್ರೆ ಪಾಪಾನಾ? ಹೇಗೆ ಬರೀಬೇಕು ಅಂತ ಹೇಳಿಕೊಟ್ಟವರು ಯಾರು ಮಾವ?”

ಹೇಳಿಕೊಟ್ಟವನು ನಾನೇ. ಬಕೆಟ್ಟಿಗಿಂತ ಮುಂಚೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೆ. ‘ಕಾರಣದ ಕಾಲಂಗೆ ಏನು ಬರೀಲಿ ಮಾವ?’ ಎಂದಾಗ, ‘ಯೋಚನೆ ಮಾಡ್ಬೇಡ, ಆವಿ ಅಂತ ಹಾಕು’ ಎಂದಿದ್ದೆ. ಮಾಡಿದ್ದುಣ್ಣೋ ಮಹಾರಾಯ. ಆದರೆ ಮಾಡಿದವನು ನಾನು, ಉಣ್ಣುತ್ತಿರುವವಳು ಅವಳು. ನಾವಿಬ್ಬರೂ ಹೀಗೆ ಬಾಗಿಲಲ್ಲಿ ಕಿತ್ತಾಡುತ್ತಿದ್ದಾಗ ಮಗಳು ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಲೋಟವಿತ್ತು. ಅಕ್ಕಪಕ್ಕದ ಮನೆಯವರು ಜಗಲಿಗೆ ಬಂದು ನಿಂತಿದ್ದರು. ಅವಳು ಅವರನ್ನೂ ನೋಡಿದಳು, ನನ್ನನ್ನೂ ನೋಡಿದಳು. ಲೋಟ ಎತ್ತಿ ಗಟಗಟ ಕುಡಿದಳು. ಕೊನೆಯ ಗುಟುಕಿನವರೆಗೂ ಕುಡಿದು, ಬಾಯಿ ಒರೆಸಿಕೊಂಡು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, “ನೋಡಿ ಅಪ್ಪಾ, ಕುಡಿದೆ. ಏನೂ ಆಗಲಿಲ್ಲ. ಇನ್ನು ಹೋಗಿ,” ಎಂದಳು. ಅವಳಿಗೆ ಎಲ್ಲ ಗೊತ್ತು, ಅಧ್ಯಕ್ಷರೇ. ಗೊತ್ತಿದ್ದೇ ಕುಡಿದಳು. ಗಂಡನ ಕೆಲಸ ಉಳಿಯಲಿ ಎಂದು ಹೊಟ್ಟೆಯ ಕೂಸನ್ನು ಒತ್ತೆಯಿಟ್ಟು ಕುಡಿದಳು. ಇಂಥ ದೃಶ್ಯವನ್ನು ಯಾವ ತಂದೆಗೂ ತೋರಿಸಬೇಡ ಎಂದು ದೇವರನ್ನು ಬೇಡುವವನಿದ್ದೆ, ಆಮೇಲೆ ಯೋಚಿಸಿದೆ: ಒಬ್ಬ ತಂದೆಗೆ ಮಾತ್ರ ತೋರಿಸಪ್ಪಾ. ನಿಮಗೂ ಮಗಳಿದ್ದಾಳೆಂದು ಕೇಳಿದ್ದೇನೆ.

ಕಳೆದ ವಾರ ನನ್ನ ಮೂರನೇ ಪತ್ರಕ್ಕೆ ಮುದ್ರೆಯ ಚೀಟಿಯ ಜೊತೆ ಒಂದು ಹಾಳೆಯೂ ಬಂತು. ‘ನನ್ನ ಮಾವನವರಿಗೆ ನಿವೃತ್ತಿಯ ನಂತರ ಬುದ್ಧಿ ಸ್ತಿಮಿತದಲ್ಲಿಲ್ಲ. ಅವರ ದೂರುಗಳನ್ನು ಪರಿಗಣಿಸಬಾರದಾಗಿ ಕೋರುತ್ತೇನೆ.’ ಕೆಳಗೆ ಅಳಿಯನ ಸಹಿ. ಸಾಕ್ಷಿ ಎಂಬ ಜಾಗದಲ್ಲಿ ಮಗಳ ಸಹಿ. ‘ಪರಿಗಣಿಸಬಾರದಾಗಿ’ ಎಂಬ ಪದ ಅವನ ಬಾಯಿಂದ ಈ ಜನ್ಮದಲ್ಲಿ ಬರುವಂಥದ್ದಲ್ಲ, ಅದನ್ನು ಹೇಳಿ ಬರೆಸಿದ ಬಾಯಿ ಯಾವುದೆಂದು ನನಗೂ ಗೊತ್ತು, ನಿಮಗೂ ಗೊತ್ತು. ಅವರಿಬ್ಬರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕ್ಷಣ ಇತ್ತು. ಆ ಹಾಳೆಯನ್ನು ಚೂರು ಮಾಡಲು ಹೊರಟು, ಮಗಳ ಸಹಿ ನೋಡಿ ನಿಲ್ಲಿಸಿದೆ. ಅವಳು ಶಾಲೆಯ ದಿನಗಳಲ್ಲಿ ಸಹಿ ಹಾಕಲು ಕಲಿತದ್ದೂ ನನ್ನ ಪಕ್ಕದಲ್ಲಿ ಕೂತೇ.

ಈಗ ನನ್ನ ಬೇಡಿಕೆ. ಹೆದರಬೇಡಿ, ನ್ಯಾಯ ಕೇಳುವುದಿಲ್ಲ. ಅದು ನಿಮ್ಮ ಉಗ್ರಾಣದಲ್ಲಿ ದಾಸ್ತಾನಿಲ್ಲ. ಕೊಳ ದುರಸ್ತಿ ಮಾಡಿ ಎಂದೂ ಕೇಳುವುದಿಲ್ಲ. ನೀವು ಟೆಂಡರು ಕರೆದು, ಸಮಿತಿ ಕೂರಿಸಿ, ಬಿರುಕಿಗೆ ಹೆಸರಿಡುವಷ್ಟರಲ್ಲಿ ಹುಟ್ಟುವ ಮಗು ಶಾಲೆಗೆ ಹೋಗುತ್ತಿರುತ್ತದೆ, ಹುಟ್ಟಿದರೆ. ಯಾರಿಗೂ ಶಿಕ್ಷೆ ಬೇಡ. ವ್ಯವಸ್ಥಾಪಕರಿಗೆ ಬಡ್ತಿ ಕೊಡಿ, ನನ್ನ ಆಕ್ಷೇಪವಿಲ್ಲ. ನಿಜ ಹೇಳಿ ಎಂದೂ ನಾನು ಕೇಳುತ್ತಿಲ್ಲ. ನನಗೆ ನಿಮ್ಮಿಂದ ಬೇಕಾಗಿರುವುದು ಇನ್ನೊಂದು ಸುಳ್ಳು.

ವಸತಿಯ ಪಂಪ್ ಮನೆಗೆ ಬೀಗ ಹಾಕಿ, ‘ಮೋಟಾರು ಸುಟ್ಟಿದೆ, ದುರಸ್ತಿಯಲ್ಲಿದೆ’ ಎಂದು ಒಂದು ಬೋರ್ಡು ತಗುಲಿಸಿ. ಅಷ್ಟೇ. ಸುಟ್ಟ ಮೋಟಾರನ್ನು ಯಾರೂ ಅನುಮಾನಿಸುವುದಿಲ್ಲ. ಅದು ನಿಮ್ಮ ಇಲಾಖೆಯಲ್ಲಿ ಎಲ್ಲರೂ ನಂಬುವ ಒಂದೇ ಸಂಗತಿ. ಮೇಲಿನ ದಿನ್ನೆಯ ಬಾವಿಯಿಂದ ದಿನಕ್ಕೆರಡು ಟ್ಯಾಂಕರ್ ಕಳಿಸಿ. ಆಗ ಅರವತ್ತು ಮನೆಯವರೂ ನಿಮ್ಮನ್ನು ಬೈದುಕೊಂಡು, ಕ್ಯೂ ನಿಂತು, ಒಳ್ಳೆಯ ನೀರು ಕುಡಿಯುತ್ತಾರೆ. ಅಳಿಯ ಪುಸ್ತಕದಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ. ಮಗಳು 'ನಮ್ಮ ನೀರು' ಕುಡಿದೇ ತೋರಿಸಬೇಕಾದ ಸಂಕಟ ತಪ್ಪುತ್ತದೆ. ನಿಮ್ಮ ಮರ್ಯಾದೆಗೆ ಒಂದು ಗೀರೂ ಬೀಳುವುದಿಲ್ಲ. ಇಷ್ಟು ಮಾಡಿದರೆ, ಈ ಪತ್ರದಲ್ಲಿ ಬರೆದದ್ದೆಲ್ಲ ಸುಳ್ಳು, ಕೊಳ ಸೋರಿಲ್ಲ, ಮೂವತ್ತೈದು ನನ್ನ ತಲೆಯೊಳಗಿನ ಅಂಕಿ, ನಾನು ಹುಚ್ಚ ಎಂದು ನೀವು ಹೇಳಿದ ಕಾಗದದ ಮೇಲೆ, ನೀವು ಹೇಳಿದ ಪತ್ರಿಕೆಯಲ್ಲಿ ಬರೆದುಕೊಡುತ್ತೇನೆ. ಹೇಳಿ ಬರೆಸುವ ಶ್ರಮವೂ ಬೇಡ.

ಆದರೆ ಬೋರ್ಡನ್ನು ಈ ವಾರವೇ ತಗುಲಿಸಿ. ಮೊನ್ನೆ ಡಾಕ್ಟರು ಮಗಳನ್ನು ಪರೀಕ್ಷಿಸಿ, ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿದೆ, ಹೊಟ್ಟೆಯಲ್ಲಿರುವ ಮಗುವಿಗಾಗಿಯಾದರೂ ದಿನಕ್ಕೆ ಹನ್ನೆರಡು ಲೋಟ ತಪ್ಪದೆ ಕುಡಿಯಬೇಕು ಎಂದು ಹೇಳಿದ್ದಾರಂತೆ. ಅವಳು ಚಿಕ್ಕಂದಿನಿಂದಲೂ ಹೇಳಿದ ಮಾತು ಮೀರಿದವಳಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ಬುದ್ಧಿ ಸ್ತಿಮಿತದಲ್ಲಿಲ್ಲದ,
ಅಗತ್ಯಬಿದ್ದರೆ ಹಾಗೆಂದು ತಾನೇ ಪ್ರಮಾಣ ಮಾಡಲು ಸಿದ್ಧನಿರುವ,
ಒಬ್ಬ ಮಾಜಿ ನೀರುಮಟ್ಟ ಸಹಾಯಕ